ನಾಲ್ಕು ಬೆರಳು ಇಲ್ಲಿಡಿ

ವೀಸಾ ಕಚೇರಿಯ ಹುಡುಗ ಗಾಜಿನಾಚೆಯಿಂದ ಅಂದ:
ನಾಲ್ಕು ಬೆರಳು ಇಲ್ಲಿಡಿ, ಅಮ್ಮ.
ಎಲ್ಲಿಂದ ತರಲಿ?
ಎಡಗೈಯಲ್ಲಿ ಎರಡಿವೆ, ಅವೂ ಕೊಕ್ಕೆ.
ಬಲಗೈಯದು ಒಲೆಗೊಂದು, ಇಲಿಗೊಂದು,
ಉಳಿದವು ಯಾವಾಗ ಹೋದವೋ ನನಗೇ ಗೊತ್ತಾಗಲಿಲ್ಲ;
ಹೇಳಿಹೋಗುವ ಪದ್ಧತಿ ಅವಕ್ಕಿರಲಿಲ್ಲ.

ಯಂತ್ರ ಹಸಿರು ದೀಪ ಹೊತ್ತಿಸಿಕೊಂಡು ಕಾದೇ ಕಾಯಿತು.
ಹುಡುಗ ಒಳಗೆ ಹೋಗಿ ಯಾರನ್ನೋ ಕೇಳಿ ಬಂದ,
ಮತ್ತೊಬ್ಬರನ್ನು ಕೇಳಿ ಬಂದ,
ಕೊನೆಗೆ ಚೌಕದೊಳಗೆ ಒಂದು ಗೀಟೆಳೆದು
'ಅನ್ವಯಿಸುವುದಿಲ್ಲ' ಎಂದು ಬರೆದ.
ಹೀಗೆ ಐವತ್ತಾರನೆಯ ವಯಸ್ಸಿನಲ್ಲಿ
ಯಾವುದಕ್ಕೂ ಅನ್ವಯಿಸದವಳಾಗಿ
ಅಡಿಸ್ ಅಬಾಬದಿಂದ ಜಿನೀವಾಕ್ಕೆ ಹಾರಿದೆ.

ಚೀಲದಲ್ಲಿ ಒಂದು ಹಾಳೆ ಭಾಷಣ,
ನಮ್ಮ ಸಂಘದ ಹೆಂಗಸರು ಕಸೂತಿ ಹಾಕಿದ ಹನ್ನೆರಡು ಮೇಜುಬಟ್ಟೆ,
ಹುರಿದ ಕಾಫಿಬೀಜ ಅರ್ಧ ಕಿಲೋ,
ಜೊತೆಗೆ ವುಬಿತ್ ಬಾಗಿಲಲ್ಲಿ ನಿಂತು ಹೇಳಿದ್ದು:
ಅಲ್ಲಿ ಅಳಬೇಡ. ಅತ್ತರೆ ಫೋಟೋ ತೆಗೀತಾರೆ,
ಕೇಳಿಸಿಕೊಳ್ಳೋದಿಲ್ಲ.

ನನಗೆ ಎರಡು ನಿಮಿಷ.
ಹೆಸರು ಕರೆದರು. ತಪ್ಪಾಗಿ ಕರೆದರು, ಆದರೂ ಕರೆದರು.
'ಸಾವಿರ ಮಂದಿಯ ಒಡತಿ' ಎಂದು ಅಪ್ಪ ಇಟ್ಟ ಹೆಸರು;
ಓಣಿಯ ಆಚೆಗೆ ಅದನ್ನು ಬಳಸಿದವರಿಲ್ಲ.
ಅವರು ರೋಗವನ್ನೇ ಕೂಗುತ್ತಿದ್ದರು,
ನಾನು ಓಗೊಡುತ್ತಿದ್ದೆ.

ಮೈಕಿನ ಗುಂಡಿ ತೊಗರಿಕಾಳಿನಷ್ಟು.
ಒತ್ತಿದೆ. ಒತ್ತಿತೋ ಇಲ್ಲವೋ, ಕೈ ಹೇಳಲಿಲ್ಲ.
ಗೆಣ್ಣಿನಿಂದ ಒತ್ತಿದೆ. ಗಡಿಯಾರ ಓಡುತ್ತಿತ್ತು,
ಒಂದು ಐವತ್ತು, ಒಂದು ನಲವತ್ತು.
ಪಕ್ಕದಿಂದ ಒಂದು ಮೊಂಡು ಕೈ ಬಂತು,
ಬಳೆ ಮೇಜಿಗೆ ಟಕ್ಕೆಂದಿತು,
ಮೈಕಿಗೆ ಜೀವ ಬಂತು.
ಬ್ರೆಜಿಲಿನ ಝುಲ್ಮೀರಾ.
ಹೆತ್ತ ದಿನವೇ ಅವಳ ಕೂಸನ್ನು ಬುಟ್ಟಿಯಲ್ಲಿಟ್ಟು ಒಯ್ದಿದ್ದರಂತೆ,
ವಾಸಿಯಾದ ಮೇಲೆ ಕೊಡುತ್ತೇವೆ ಎಂದು.
ವಾಸಿಯಾಗಿ ನಲವತ್ತು ವರ್ಷ.

ನಾನು ಹೇಳಿದ್ದಿಷ್ಟು:
ಎರಡು ವರ್ಷ ಗುಳಿಗೆ ನುಂಗಿದೆ, ರೋಗ ಹೋಯಿತು.
ಬಾಡಿಗೆ ಮನೆ ಇನ್ನೂ ಸಿಕ್ಕಿಲ್ಲ.
ಬ್ಯಾಂಕಿನಲ್ಲಿ ಹೆಬ್ಬೆಟ್ಟು ಕೇಳುತ್ತಾರೆ, ಮಣಿಕಟ್ಟು ಕೊಡುತ್ತೇನೆ, ತೆಗೆದುಕೊಳ್ಳಿ.
ಚಪ್ಪಲಿ ನನ್ನ ಪಾದದ ಅಳತೆಗೆ ಬೇಕು,
ನಿಮ್ಮ ಕನಿಕರದ ಅಳತೆಗಲ್ಲ.
ನಮ್ಮ ಬಗ್ಗೆ ಕೂತು ಮಾತಾಡುವಾಗ ನಮಗೂ ಒಂದು ಕುರ್ಚಿ ಹಾಕಿ,
ಊಟದ ಹೊತ್ತಿಗಲ್ಲ, ತೀರ್ಮಾನದ ಹೊತ್ತಿಗೆ.
ಮತ್ತೆ ಆ ಪದ, ನಮ್ಮನ್ನು ಕರೆಯುವ ಆ ಪದ...

ಅಷ್ಟರಲ್ಲಿ ಮೈಕು ಸತ್ತಿತು.
ಗಾಜಿನ ಗೂಡಿನಲ್ಲಿ ಅನುವಾದದ ಹುಡುಗಿ
ನನ್ನ ತುಟಿಯನ್ನೇ ನೋಡುತ್ತ ಬಾಯಿ ತೆರೆದು ಕೂತಿದ್ದಳು.
ಹೋಗಲಿ ಬಿಡು ಅಂದುಕೊಂಡೆ,
ಒಂದು ಬೈಗುಳ ಆರು ಭಾಷೆಗೆ ಹೋಗುವುದು ತಪ್ಪಿತು.

ಆಮೇಲೆ ಕಾರಿಡಾರಿನಲ್ಲಿ ಯಂತ್ರದ ಕಾಫಿ,
ಹೆಸರಿಗೆ ಮಾತ್ರ ನಮ್ಮ ದೇಶದ್ದು.
ಕಾಗದದ ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದೆ.
ಝುಲ್ಮೀರಾ ನನ್ನ ಮುಖ ನೋಡಲಿಲ್ಲ, ಹಬೆ ನೋಡಿದಳು,
ಗದ್ದದಲ್ಲೇ ಹೇಳಿದಳು: ಇಡು, ಇಡು.
ಅವಳ ಲೋಟದ ಹಬೆಯನ್ನು ನಾನು ನೋಡಿದೆ.
ಬಿಸಿ ನಮಗೆ ತಾಕುವುದು ಕಣ್ಣಿಗೆ.
ಅವಳ ಭಾಷೆ ನನಗಿಲ್ಲ, ನನ್ನದು ಅವಳಿಗಿಲ್ಲ;
ಕಿಟಕಿಯ ಕಟ್ಟೆಯ ಮೇಲೆ ಎರಡು ಲೋಟವಿಟ್ಟು
ಒಬ್ಬರ ಕಾಫಿಯನ್ನು ಇನ್ನೊಬ್ಬರು ಕಾಯುತ್ತ ನಿಂತೆವು,
ಒಲೆಯ ಮೇಲಿನ ಹಾಲಿಗೆ ನಿಂತ ಹಾಗೆ.

ಊರಿಗೆ ಬಂದೆ. ವುಬಿತ್ ಕೇಳಿದಳು, ಏನಂದರು?
ಬರೆದುಕೊಂಡರು.
ಓದುತ್ತಾರಾ?
ಮೊದಲು ಈ ಸೂಜಿಗೆ ದಾರ ಪೋಣಿಸಿಕೊಡು, ಅಂದೆ.
ಬರುವ ಜೂನಿನಲ್ಲಿ ಮತ್ತೆ ಎರಡು ನಿಮಿಷ ಇದೆ.
ಮೊದಲ ಹತ್ತು ಸೆಕೆಂಡು ಹೆಸರಿಗೇ ಕೊಡುತ್ತೇನೆ,
ಬಿಡಿಸಿ ಹೇಳಿಕೊಡುತ್ತೇನೆ: ಯೆ, ಶಿ, ಮೆ, ಬೆತ್.
ಗುಂಡಿ ಒತ್ತಲು ಝುಲ್ಮೀರಾ ಪಕ್ಕದಲ್ಲೇ ಇರಲಿ.